ಜನರಲ್ ಮಲಗದ ಮಂಚ

ಮೊದಲು ಥರ್ಮಲ್ ಒಳಉಡುಪು ಕೊಂಡುಕೊಳ್ಳಿ. ಉಳಿದದ್ದು ಆಮೇಲೆ.

ಹಳೆಯ ಕಾಲದ ಮನೆಯಲ್ಲಿ ಹಳೆಯ ಕಾಲದ ಬಟ್ಟೆ ತೊಟ್ಟು ನಿಂತು, ಬಂದವರಿಗೆ ಹಳೆಯ ಕಾಲದ ಕಥೆ ಹೇಳುವ ಗೈಡ್ ಕೆಲಸಕ್ಕೆ ಸೇರುವವರಿಗೆ ತರಬೇತಿಯಲ್ಲಿ ಎಲ್ಲವನ್ನೂ ಕಲಿಸುತ್ತಾರೆ, ಇದೊಂದನ್ನು ಬಿಟ್ಟು. ಇನ್ನೂರೈವತ್ತು ವರ್ಷ ಹಳೆಯ ಮನೆಯೊಳಗೆ ಇನ್ನೂರೈವತ್ತು ವರ್ಷ ಹಳೆಯ ಚಳಿ ಕೂತಿರುತ್ತದೆ. ಹೀಟಿಂಗ್ ಜೋರು ಮಾಡಿದರೆ ಮರ ಬಿರಿಯುತ್ತದೆ ಎನ್ನುತ್ತಾರೆ. ಗೈಡು ಬಿರಿದರೆ ಇನ್ನೊಬ್ಬಳು ಸಿಗುತ್ತಾಳೆ. ಉದ್ದ ಲಂಗದ ಒಳಗೆ ಏನು ಹಾಕಿದ್ದೀರಿ ಎಂದು ಯಾವ ಇತಿಹಾಸಕಾರನೂ ಎತ್ತಿ ನೋಡುವುದಿಲ್ಲ.

ನಾನು ಈ ಕೆಲಸವನ್ನು ಇಪ್ಪತ್ತೊಂದು ವರ್ಷ ಮಾಡಿ ಹೋದ ವರ್ಷ ಬಿಟ್ಟೆ. ನಮ್ಮ ಕನ್ನಡದವರ ಮನೆಯ ಇಬ್ಬರು ಹುಡುಗಿಯರು ಈಗ ಇಂಥದೇ ಕೆಲಸ ಹಿಡಿದಿದ್ದಾರೆ. "ಆಂಟಿ, ಎನಿ ಟಿಪ್ಸ್?" ಎಂದು ಕೇಳಿದರು. ಕನ್ನಡದಲ್ಲಿ ಬರೆದರೆ ಅವರು ಓದಲಾರರು. ಅಮ್ಮಂದಿರು ಓದಿ ಹೇಳಲಿ. ಅವರಿಗೂ ಒಂದು ಕೆಲಸವಾಗುತ್ತದೆ.

ನಾನು ಧಾರವಾಡದಲ್ಲಿ ಇತಿಹಾಸದ ಎಮ್‌ಎ ಮಾಡಿದವಳು. ಅಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟವೆಂದರೆ ಹದಿನೈದು ಮಾರ್ಕಿನ ಒಂದು ಪ್ರಶ್ನೆ. ಚಹಾವನ್ನು ಸಮುದ್ರಕ್ಕೆ ಚೆಲ್ಲುವಲ್ಲಿ ಶುರುವಾಗಿ ರಾಜನ ಸೈನ್ಯ ಹಡಗು ಹತ್ತುವಲ್ಲಿ ಮುಗಿಯುತ್ತಿತ್ತು. ಮದುವೆಯಾಗಿ ಗಂಡನ ವೀಸಾದ ಬಾಲ ಹಿಡಿದು ಬಂದು, ದುಡಿಯುವ ಹಕ್ಕಿಲ್ಲದೆ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ ಏಳು ವರ್ಷ ಕೂತೆ. ಗ್ರೀನ್ ಕಾರ್ಡ್ ಬಂದು ಹಿಲ್ಸ್‌ಬರೋದಲ್ಲಿ ಮನೆ ಮಾಡಿದ ಮೇಲೆ ಒಂದು ದಿನ, ಟೌನ್‌ಹೌಸ್ ಕಾಲೊನಿಗೂ ಟೈರ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಕಲ್ಲಿನ ಹಳೆಯ ಮನೆಯ ಮುಂದೆ "ಗೈಡ್ ಬೇಕಾಗಿದ್ದಾರೆ" ಎಂಬ ಬೋರ್ಡು ಕಂಡೆ. ಆ ಮನೆಯೇ ಒಂದು ಪುಟ್ಟ ಮ್ಯೂಸಿಯಂ.

ಅದನ್ನು ನಡೆಸುತ್ತಿದ್ದವಳು ಬಾರ್ಬರಾ. ಆರಡಿ ಎತ್ತರ, ಕುರ್ಚಿಯ ಮೇಲೆ ಕೂತದ್ದನ್ನು ಯಾರೂ ನೋಡಿಲ್ಲ. ನಡೆಯುತ್ತಲೇ ಇಂಟರ್‌ವ್ಯೂ ಮಾಡಿದಳು. ಅಡಿಗೆಮನೆಗೆ ಬಂದಾಗ ಅಲ್ಲಿ ಮೂವರು ವಿದ್ಯಾವಂತ ಹೆಂಗಸರು ದೊಡ್ಡ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದರು. ಹಸಿ ಕಟ್ಟಿಗೆ, ಮನೆ ತುಂಬ ಹೊಗೆ. ನನಗೆ ನೋಡಲಾಗಲಿಲ್ಲ. ಮೂಲೆಯಲ್ಲಿ ಭೂಪಟ ಸುತ್ತಿಟ್ಟಿದ್ದ ರಟ್ಟಿನ ಕೊಳವೆಯಿತ್ತು. ಭೂಪಟ ಹೊರಗೆ ಎಳೆದು, ಕೊಳವೆ ಒಲೆಗೆ ಹಿಡಿದು ಊದಿದೆ. ನಾಲ್ಕನೇ ಊದಿಗೆ ಭಗ್ಗೆಂದಿತು.

"ಇದನ್ನು ಎಲ್ಲಿ ಕಲಿತಿರಿ?" ಎಂದಳು ಬಾರ್ಬರಾ, ಹದಿನೆಂಟನೇ ಶತಮಾನದ ಹೆಂಗಸೊಬ್ಬಳು ಎದ್ದು ಬಂದಂತೆ ನನ್ನನ್ನು ನೋಡುತ್ತ.

"ನಮ್ಮ ಅಜ್ಜಿಯ ಹತ್ತಿರ."

ಕೆಲಸ ಸಿಕ್ಕಿತು. ಎಮ್‌ಎ ಸರ್ಟಿಫಿಕೇಟು ಬ್ಯಾಗಿನಿಂದ ಹೊರಗೇ ಬರಲಿಲ್ಲ. ಮನೆಗೆ ಹೋಗಿ ಹೇಳಿದರೆ ನನ್ನ ಗಂಡ ಬಸವರಾಜ ಬಿದ್ದು ಬಿದ್ದು ನಕ್ಕ. "ಒಲಿ ಊದಾಕ ಅಮೆರಿಕಾಕ್ಕ ಬರಬೇಕಾಗಿತ್ತೇನ? ನಮ್ಮವ್ವ ಫ್ರೀಯಾಗಿ ಊದಸ್ತಿದ್ಲಲ್ಲ!"

ಬಾರ್ಬರಾ ಹನ್ನೊಂದು ಪುಟದ ಸ್ಕ್ರಿಪ್ಟು ಕೊಟ್ಟು ಬಾಯಿಪಾಠ ಮಾಡಿಸಿದಳು. ಇಂಗ್ಲಿಷರಿಗಿಂತ ಮುಂಚೆ ಈ ಕಡೆ ಬಂದು ನೆಲೆಸಿದವರು ಡಚ್ಚರು. ನ್ಯೂಯಾರ್ಕ್ ಅವರು ಕಟ್ಟಿದ ಊರು. ಇಂಗ್ಲಿಷರು ಬಂದು ಹೆಸರು ಬದಲಾಯಿಸಿ ತಮ್ಮದು ಮಾಡಿಕೊಂಡರು. ಅಲ್ಲಿಂದ ಹೊರಟ ಡಚ್ ಕುಟುಂಬಗಳು ನದಿ ಹಿಡಿದು ಬಂದು ಇಲ್ಲಿ ಗೋಧಿ ಬೆಳೆದವು. ಅವುಗಳಲ್ಲೊಂದು ಈ ಮನೆಯ ವ್ಯಾನ್ ಹೆರ್ಕ್ ಕುಟುಂಬ. ಇವರೆಲ್ಲರಿಗಿಂತ ಮುಂಚೆ ಸಾವಿರಾರು ವರ್ಷ ಇಲ್ಲಿದ್ದ ಲೆನಾಪೆ ಮೂಲನಿವಾಸಿಗಳಿಗೆ ಸ್ಕ್ರಿಪ್ಟಿನಲ್ಲಿ ಒಂದೂವರೆ ಸಾಲು. ಬೆಣ್ಣೆ ಕಡೆಯುವ ಗಡಿಗೆಗೆ ಎರಡು ಪ್ಯಾರಾ.

ನೋಡಲು ಬಂದವರು ಆ ಮೂಲನಿವಾಸಿಗಳ ಲೆಕ್ಕಕ್ಕೆ ನನ್ನನ್ನೇ ಹಿಡಿದದ್ದೂ ಉಂಟು. "ಆರ್ ಯೂ ಇಂಡಿಯನ್?" "ಹೌದು." "ಲೆನಾಪೆ?" "ಇಲ್ಲ, ಧಾರವಾಡ." ನಮ್ಮೂರನ್ನು ಹುಡುಕಿಕೊಂಡು ಹೊರಟ ನಾವಿಕನೊಬ್ಬ ದಾರಿ ತಪ್ಪಿದ್ದಕ್ಕೆ ಐದು ಶತಮಾನಗಳಾದ ಮೇಲೂ ನಾನು ಉತ್ತರ ಕೊಡಬೇಕು. ಎದೆಯ ಮೇಲಿನ ಪಟ್ಟಿಯಲ್ಲಿ "ಗಿರಿಜಾ ಹಿರೇಮಠ" ಎಂದಿತ್ತು. ಶಾಲೆಯ ಮಕ್ಕಳು ಅದನ್ನು "ಹೈರ್ ಮ್ಯಾಥ್" ಎಂದು ಓದಿ, ಬಾಡಿಗೆಗೆ ಗಣಿತ ಹೇಳುವವಳೆಂದು ತಿಳಿದು ದೂರ ನಿಲ್ಲುತ್ತಿದ್ದರು.

ಇನ್ನು ಮಂಚದ ವಿಷಯ. ಮುಂದಿನ ಕೋಣೆಯಲ್ಲಿ ನಾಲ್ಕು ಕಂಬದ ಮಂಚವೊಂದಿತ್ತು. ಯುದ್ಧದ ಕಾಲದಲ್ಲಿ ಜನರಲ್ ಸಾಹೇಬರು ಒಂದು ರಾತ್ರಿ ಇದರ ಮೇಲೆ ಮಲಗಿದ್ದರು ಎಂದು ಸ್ಕ್ರಿಪ್ಟು ಹೇಳುತ್ತಿತ್ತು. ಯಾವ ಜನರಲ್ ಎಂದು ಕೇಳಬೇಡಿ. ಒಂದು ಡಾಲರ್ ನೋಟಿನ ಮೇಲಿನ ಮುಖ ನೋಡಿ, ಆಮೇಲೆ ದೇಶದ ಮೊದಲ ಅಧ್ಯಕ್ಷರಾದವರು. ಈ ರಾಜ್ಯದಲ್ಲಿ ಆ ಮಹಾನುಭಾವರು ಮಲಗಿದರೆಂದು ಹೇಳುವ ಮನೆಗಳನ್ನೆಲ್ಲ ಕೂಡಿಸಿದರೆ ಅವರು ಯುದ್ಧ ಮಾಡಿದ್ದು ಯಾವಾಗ ಎಂದು ಸಂಶಯ ಬರುತ್ತದೆ.

ನನ್ನ ದೊಡ್ಡ ಪ್ರಮಾದ ಆದದ್ದು ಈ ಮಂಚದ ಪಕ್ಕದಲ್ಲೇ. ಸೇರಿದ ಎರಡನೇ ವರ್ಷ, ಒಂದು ಗುಂಪು ಆಕಳಿಸುತ್ತ ನಿಂತಿತ್ತು. ಜನರಲ್ಲರಿಗೆ ಹಲ್ಲಿನ ಕಾಟವಿತ್ತೆಂಬುದು ಎಲ್ಲರಿಗೂ ಗೊತ್ತು. ನನ್ನ ನಾಲಗೆ ತುರಿಸಿತು. "ಆ ರಾತ್ರಿ ಹಲ್ಲುನೋವಿಗೆ ಈ ಮನೆಯೊಡತಿ ಲವಂಗ ಕೊಟ್ಟಳು" ಎಂದುಬಿಟ್ಟೆ. ಆಕಳಿಕೆ ನಿಂತಿತು. ಒಬ್ಬಾಕೆ "ಹೌ ಸ್ವೀಟ್!" ಎಂದು ಬರೆದುಕೊಂಡಳು. ಆಕೆ ಅದನ್ನು ಊರಿನ ಪತ್ರಿಕೆಯಲ್ಲಿ ಹಾಕಿಸಿದಳು. ಮುಂದಿನ ವರ್ಷ ಉಳಿದ ಗೈಡುಗಳೂ ಲವಂಗ ಹೇಳತೊಡಗಿದರು. ಅದರ ಮರುವರ್ಷ ಒಂದು ಶಾಲೆಯ ಮಕ್ಕಳು ನಾಟಕವಾಡಿದರು; ಅದರಲ್ಲಿ ಲವಂಗದ ಪಾತ್ರೆ ಹಿಡಿದ ಹುಡುಗಿಗೇ ಹೆಚ್ಚು ಚಪ್ಪಾಳೆ ಬಿತ್ತು. ನಾನು ಬಾರ್ಬರಾಳ ಹತ್ತಿರ ಹೋದೆ.

"ಬಾರ್ಬರಾ, ಲವಂಗ ನಾನು ಹುಟ್ಟಿಸಿದ್ದು."

ಅವಳು ಒಂದು ಕ್ಷಣ ನಿಂತಳು. ನಿಂತೇ ಇದ್ದಳೆನ್ನಿ. "ಗಿರಿಜಾ, ಪೀಪಲ್ ಲವ್ ದ ಕ್ಲೋವ್ಸ್," ಎಂದು ನಡೆದುಹೋದಳು.

ಕೆಲವು ವರ್ಷಗಳ ನಂತರ ಮಂಚದ ಕಾಲು ಅಲ್ಲಾಡಿತೆಂದು ಹಳೆಯ ಪೀಠೋಪಕರಣ ಬಲ್ಲವನೊಬ್ಬನನ್ನು ಕರೆಸಿದರು. ಅವನು ಮಂಚದ ಕೆಳಗೆ ತೂರಿ ಒಂದು ಸ್ಕ್ರೂ ಬಿಚ್ಚಿ ಅಲ್ಲಿಂದಲೇ ನಗಲು ಶುರು ಮಾಡಿದ. ಚೂಪು ತುದಿಯ ಇಂಥ ಸ್ಕ್ರೂಗಳು ಬಂದದ್ದೇ ಜನರಲ್ ತೀರಿಕೊಂಡು ದಶಕಗಳು ಕಳೆದ ಮೇಲಂತೆ. ಬಾರ್ಬರಾ ಆ ಸ್ಕ್ರೂವನ್ನು ಜೇಬಿಗೆ ಹಾಕಿಕೊಂಡಳು. ಮರುದಿನ ಮಂಚ ಗಟ್ಟಿಯಾಗಿತ್ತು, ಸ್ಕ್ರಿಪ್ಟೂ ಗಟ್ಟಿಯಾಗಿಯೇ ಇತ್ತು. ನಾನೂ ಬಾಯಿ ಮುಚ್ಚಿಕೊಂಡೆ. ಹುಟ್ಟಿಸಿದವಳು ಯಾವ ಬಾಯಲ್ಲಿ ಮಾತಾಡಲಿ?

ನನ್ನ ಬಾಯಿ ಬಿಡಿಸಿದವಳು ಗದಗಿನ ಕಡೆಯ ಒಬ್ಬ ಮುದುಕಿ. ಪ್ಲೇನ್ಸ್‌ಬರೋದಲ್ಲಿದ್ದ ಮಗ ಸೊಸೆ ಆಕೆಯನ್ನು ಊರು ತೋರಿಸಲು ಕರೆತಂದಿದ್ದರು. ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಸೊಸೆಯ ಶೂಸು. ಕಡೆಗೋಲು, ಬೀಸುವ ಕಲ್ಲು, ಬೂದಿ ತುಂಬಿದ ಒಲೆ ಎಲ್ಲ ನೋಡಿ, "ಇದನ್ನ ನೋಡಾಕ ಟಿಕೀಟ ತಗೊಂಡ್ರೇನೋ? ಇದೆಲ್ಲಾ ನಮ್ಮ ಹಿತ್ತಲದಾಗ ಬಿದ್ದದಲ್ಲೋ" ಎಂದು ಮಗನನ್ನು ಬೈದಳು. ನಾನು ಟೊಪ್ಪಿಗೆ ಸರಿಮಾಡಿಕೊಂಡು ಆಕೆಗಾಗಿ ಕನ್ನಡದಲ್ಲೇ ಕಥೆ ಹೇಳಿದೆ. ಎಲ್ಲ ಕೇಳಿ, ಸುತ್ತ ಒಮ್ಮೆ ನೋಡಿ ಕೇಳಿದಳು:

"ಅಲ್ಲ ತಂಗಿ, ಇಷ್ಟ ದೊಡ್ಡ ಮನಿ. ನೀರು ಯಾರ ತರತಿದ್ರು? ಮುಸುರಿ ಯಾರ ತಿಕ್ಕತಿದ್ರು?"

"ಮನೆಯವರೇ ರೀ ಅಜ್ಜಿ. ಭಾಳ ದುಡಿಯೋ ಮಂದಿ." ಸ್ಕ್ರಿಪ್ಟಿನಲ್ಲಿ ಹಾಗೇ ಇತ್ತು.

ಅಜ್ಜಿ ಒಲೆಯ ಮುಂದಿನ ಕಲ್ಲು ತೋರಿಸಿದಳು. ಕೂತು ಕೂತು ಸವೆದು ತಗ್ಗಾದ ಕಲ್ಲು. ನಾನು ವರ್ಷಗಟ್ಟಲೆ ಅದರ ಮೇಲೆ ನಿಂತಿದ್ದೆ, ನೋಡಿರಲಿಲ್ಲ.

"ಬೆಳ್ಳಿ ಚಮಚಾ ಇಟ್ಟಾರ. ರೇಶಿಮಿ ಉಟ್ಟಾರ. ರೇಶಿಮಿ ಉಟ್ಟಾಕಿ ಇಲ್ಲಿ ಕುಂತಿದ್ಲಾ? ನನಗ ಸುಳ್ಳ ಹೇಳಬ್ಯಾಡವಾ. ನಾ ಮಂದಿ ಮನ್ಯಾಗ ಮುಸುರಿ ತಿಕ್ಕಿದಾಕಿ."

ಮಗನ ಮುಖ ಕೆಂಪಾಯಿತು. ಸೊಸೆ ಫೋನು ನೋಡತೊಡಗಿದಳು.

ನ್ಯೂಜೆರ್ಸಿಯಲ್ಲಿ ಗುಲಾಮರಿದ್ದರು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಪುಸ್ತಕದಲ್ಲಿ ಓದಿದ್ದೆ. ಆದರೆ ಗುಲಾಮಗಿರಿ ಎಂದರೆ ದಕ್ಷಿಣದ ರಾಜ್ಯಗಳ ಹತ್ತಿ ಹೊಲ ಎಂದೇ ಇಲ್ಲಿಯವರು ಹೇಳುತ್ತಿದ್ದರು, ನಾನೂ ಅಷ್ಟಕ್ಕೇ ಬಿಟ್ಟಿದ್ದೆ. ಈ ಮನೆಯಲ್ಲಿ, ಈ ಕಲ್ಲಿನ ಮೇಲೆ ಎಂದು ಯೋಚಿಸಿರಲಿಲ್ಲ.

ರಜೆಯ ದಿನಗಳಲ್ಲಿ ಲೈಬ್ರರಿಗೆ ಹೋಗತೊಡಗಿದೆ. ನೀವು ಈಗ ಕಂಪ್ಯೂಟರಿನಲ್ಲಿ ಹೆಸರು ಟೈಪ್ ಮಾಡಿ ಕಾಫಿ ಆರುವುದರೊಳಗೆ ಇನ್ನೂರು ವರ್ಷದ ಪತ್ರಿಕೆ ಜಾಲಾಡುತ್ತೀರಿ. ಆಗ ಹಳೆಯ ಪತ್ರಿಕೆಗಳ ಫಿಲ್ಮ್ ಸುರುಳಿಯನ್ನು ಯಂತ್ರಕ್ಕೆ ಹಾಕಿ, ಹಿಡಿಕೆ ತಿರುಗಿಸುತ್ತ, ಪರದೆಯ ಮೇಲೆ ಸರಿಯುವ ಅಕ್ಷರ ಓದಬೇಕಿತ್ತು. ಘಟ್ಟದ ಬಸ್ಸಿನಲ್ಲಿ ಬರುವಂಥ ವಾಕರಿಕೆ ಬರುತ್ತಿತ್ತು. ಶುಂಠಿ ಪೆಪ್ಪರಮೆಂಟು ಚೀಪುತ್ತ ಒಂದು ಚಳಿಗಾಲ ಪೂರ್ತಿ ತಿರುಗಿಸಿದೆ. ಕುದುರೆ ಕಳೆದಿದೆ, ಹೆಂಡತಿ ಓಡಿಹೋಗಿದ್ದಾಳೆ, ಉತ್ತಮ ಉಪ್ಪು ಬಂದಿದೆ. ಇವುಗಳ ನಡುವೆ ಒಂದು ಮಧ್ಯಾಹ್ನ ನಮ್ಮ ಮ್ಯೂಸಿಯಂ ಮನೆಯ ಅಂದಿನ ಯಜಮಾನ ವ್ಯಾನ್ ಹೆರ್ಕ್‌ನ ಹೆಸರು ಬಂದು ನಿಂತಿತು.

ಅವನ ಮನೆಯಿಂದ ಗುಲಾಮ ಹೆಂಗಸೊಬ್ಬಳು ಓಡಿಹೋಗಿದ್ದಾಳೆ. ಹೆಸರು ಬೆಟ್. ಒಳ್ಳೆಯ ಅಡಿಗೆಯವಳು. ಇಂಗ್ಲಿಷಿಗಿಂತ ಡಚ್ ಚೆನ್ನಾಗಿ ಮಾತಾಡುತ್ತಾಳೆ. ಬಲ ಮುಂಗೈ ಮೇಲೆ ಸುಟ್ಟ ಗಾಯದ ಗುರುತು. ನೀಲಿ ಲಂಗ ತೊಟ್ಟಿದ್ದಾಳೆ, ನಾಲ್ಕು ವರ್ಷದ ಮಗಳನ್ನೂ ಕರೆದೊಯ್ದಿದ್ದಾಳೆ. ನ್ಯೂಯಾರ್ಕಿನ ಕಡೆ ಹೋಗಿರಬಹುದು. ಹಿಡಿದು ತಂದವರಿಗೆ ಬಹುಮಾನ.

ನಾನು ನನ್ನ ಬಲಗೈ ನೋಡಿಕೊಂಡೆ. ಅದೇ ಒಲೆಯಲ್ಲಿ ಸುಟ್ಟುಕೊಂಡ ಮೂರು ಗುರುತು ಅಲ್ಲಿದ್ದವು.

ಈ ಯಜಮಾನ ಆಗ ಏನು ಮಾಡುತ್ತಿದ್ದ ಎಂಬುದು ಸ್ಕ್ರಿಪ್ಟಿನ ಏಳನೇ ಪುಟದಲ್ಲೇ ಇತ್ತು. ರಾಜನ ವಿರುದ್ಧ, ಸ್ವಾತಂತ್ರ್ಯಕ್ಕಾಗಿ, ಊರಿನ ಪಡೆ ಕಟ್ಟಿಕೊಂಡು ಹೋರಾಡುತ್ತಿದ್ದ. ನ್ಯೂಯಾರ್ಕ್ ರಾಜನ ಸೈನ್ಯದ ಕೈಯಲ್ಲಿತ್ತು. ಬಂಡೆದ್ದ ಯಜಮಾನರನ್ನು ಬಿಟ್ಟು ಬಂದ ಗುಲಾಮರನ್ನು ಕಾಪಾಡುತ್ತೇವೆ ಎಂದು ರಾಜನ ಕಡೆಯವರು ಸಾರಿದ್ದರು, ಪ್ರೀತಿಯಿಂದಲ್ಲ, ಯುದ್ಧದ ಲೆಕ್ಕಾಚಾರದಿಂದ. ಅಂತೂ ಯಜಮಾನ ಸ್ವಾತಂತ್ರ್ಯ ಹುಡುಕಿಕೊಂಡು ಒಂದು ಕಡೆಗೆ ಹೊರಟಿದ್ದ, ಅವನ ಅಡಿಗೆಯವಳು ಅದನ್ನೇ ಹುಡುಕಿಕೊಂಡು ಸರಿಯಾಗಿ ಅದರ ವಿರುದ್ಧ ದಿಕ್ಕಿಗೆ ಹೊರಟಿದ್ದಳು. ಹದಿನೈದು ಮಾರ್ಕಿನ ಉತ್ತರದಲ್ಲಿ ನಾನು ಇದನ್ನು ಬರೆದಿರಲಿಲ್ಲ.

ಪ್ರತಿ ತೆಗೆಸಿಕೊಂಡು ಬಾರ್ಬರಾಳ ಮುಂದಿಟ್ಟೆ. ಅವಳು ಎರಡು ಸಲ ಓದಿದಳು.

"ಗಿರಿಜಾ, ದಿಸ್ ಈಸ್ ವಂಡರ್‌ಫುಲ್. ಇದನ್ನು ನಾವು ಬಳಸುವ ಹಾಗಿಲ್ಲ."

"ಯಾಕೆ?"

ಅವಳು ಚಾವಣಿ ತೋರಿಸಿದಳು. ತನ್ನ ದುಡ್ಡು ಕೊಟ್ಟು ಚಾವಣಿ ಸೋರದಂತೆ ನೋಡಿಕೊಳ್ಳುತ್ತಿದ್ದವನು ಕಾರ್ಲ್. ವ್ಯಾನ್ ಹೆರ್ಕ್ ವಂಶದ ಕೊನೆಯ ಕುಡಿ, ಮ್ಯೂಸಿಯಂ ಮಂಡಳಿಯ ಅಧ್ಯಕ್ಷ, ಆ ಮನೆಯಲ್ಲೇ ಹುಟ್ಟಿ ಬೆಳೆದವನು. "ಅವನಿಗೆ ಎಂಬತ್ತು ದಾಟಿದೆ. ಅವನ ಕಾಲ ಮುಗಿಯಲಿ, ಆಮೇಲೆ ಹೇಳೋಣ," ಎಂದಳು. ಬಾರ್ಬರಾ ಕೆಟ್ಟವಳಲ್ಲ. ಸೋರುವ ಮನೆಯ ಉಸ್ತುವಾರಿ ಹೊತ್ತವಳು.

ನಾನು ಒಪ್ಪಿಕೊಂಡೆ. ಇದನ್ನೂ ಬರೆಯಬೇಕು. ಎರಡು ವರ್ಷ ಬೆಟ್‌ಳನ್ನು ಬ್ಯಾಗಿನಲ್ಲಿಟ್ಟುಕೊಂಡು ಅದೇ ಸ್ಕ್ರಿಪ್ಟು ಹೇಳಿದೆ. ಕೆಲಸ ಬೇಕಾಗಿತ್ತು. ಏಳು ವರ್ಷ ಖಾಲಿ ಕೂತವಳಿಗೆ ಮತ್ತೆ ಖಾಲಿ ಕೂರುವ ಭಯ ಎಷ್ಟಿರುತ್ತದೆಂದು ಅಮ್ಮಂದಿರಿಗೆ ಗೊತ್ತು.

ಜುಲೈ ನಾಲ್ಕು ಸ್ವಾತಂತ್ರ್ಯ ದಿನ. ಆ ದಿನ ಬಾಗಿಲೆಲ್ಲ ತೆರೆದಿಟ್ಟು, ನಿಂಬೆ ಪಾನಕ ಕೊಟ್ಟು, ಬ್ಯಾಂಡು ಬಾರಿಸಿ ಜನರನ್ನು ಕರೆಯುತ್ತಿದ್ದೆವು. ಆ ವರ್ಷ ನನ್ನ ಗುಂಪಿನಲ್ಲಿ ಹದಿನಾಲ್ಕು ಜನ. ಹಿಂದೆ ಕೋಲೂರಿಕೊಂಡು ಕಾರ್ಲ್ ಕೂಡ ನಿಂತಿದ್ದ; ಪ್ರತಿ ವರ್ಷ ಒಂದು ಸುತ್ತು ಕೇಳುವುದು ಅವನ ಪದ್ಧತಿ. ಮಂಚ ಮುಗಿಯಿತು, ಲವಂಗಕ್ಕೆ ನಗು ಬಂತು, ದುಡಿಯುವ ಕುಟುಂಬವೂ ಆಯಿತು. "ಎನಿ ಕ್ವೆಶ್ಚನ್ಸ್?" ಎಂದೆ. ನೆವಾರ್ಕಿನಿಂದ ಬಂದಿದ್ದ ಒಬ್ಬ ಕರಿಯ ಹೆಂಗಸು, ನರ್ಸ್ ಎಂದು ಮೊದಲೇ ಪರಿಚಯ ಹೇಳಿಕೊಂಡಿದ್ದಳು, ಕೈಯೆತ್ತಲಿಲ್ಲ. ಮೆಲ್ಲಗೆ ಕೇಳಿದಳು.

"ಮತ್ತೆ ನಾವು? ನಾವು ಎಲ್ಲಿದ್ದೆವು?"

ಹೊರಗೆ ಬ್ಯಾಂಡು ಬಾರಿಸುತ್ತಿತ್ತು.

"ಬನ್ನಿ, ತೋರಿಸುತ್ತೇನೆ," ಎಂದೆ. "ಅದಕ್ಕೆ ಮುಂಚೆ, ಈ ಮಂಚದ ಮೇಲೆ ಜನರಲ್ ಮಲಗಿಲ್ಲ. ಮಂಚ ಆಮೇಲಿನದು. ಲವಂಗ ನನ್ನದು. ಕ್ಷಮಿಸಿ."

ಅಡಿಗೆಮನೆಯ ಮೂಲೆಯ ಕಡಿದಾದ ಮೆಟ್ಟಿಲು ಹತ್ತಿಸಿ ಎಲ್ಲರನ್ನೂ ಒಲೆಯ ಮೇಲಿನ ಅಟ್ಟಕ್ಕೆ ಕರೆದೊಯ್ದೆ. ಬೆಟ್ ಮಲಗಿದ್ದು ಅಲ್ಲೇ ಇರಬೇಕು. ಅಡಿಗೆಯ ಆಳುಗಳನ್ನು ಇಂಥ ಮನೆಗಳಲ್ಲಿ ಅಲ್ಲೇ ಇಡುತ್ತಿದ್ದರು. ಅಟ್ಟವನ್ನು ಮ್ಯೂಸಿಯಂ ಗೋದಾಮು ಮಾಡಿಕೊಂಡಿತ್ತು. ಮಡಚುವ ಕುರ್ಚಿಗಳು, ವೈರಿನ ಕ್ರಿಸ್‌ಮಸ್ ದೀಪಗಳು, ನಾಲ್ಕಡಿ ಪ್ಲಾಸ್ಟಿಕ್ ಸಾಂತಾ. ತಲೆ ಬಗ್ಗಿಸಿಕೊಂಡು ಹದಿನಾಲ್ಕು ಜನ ಸಾಂತಾನ ಸುತ್ತ ನಿಂತರು. ನಾನು ಬ್ಯಾಗಿನಿಂದ ಕಾಗದ ತೆಗೆದು ಜಾಹೀರಾತು ಓದಿದೆ. ಓದಿ ಮುಗಿದಾಗ ನರ್ಸ್ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. ಕಾರ್ಲ್ ಕೊನೆಯ ಮೆಟ್ಟಿಲ ಮೇಲಿದ್ದ, ತಲೆ ಮಾತ್ರ ಕಾಣುತ್ತಿತ್ತು.

"ಆ ಹೆಸರು ಇನ್ನೊಮ್ಮೆ ಹೇಳಿ," ಎಂದ.

"ಬೆಟ್."

ಅವನು ಇಳಿದು ಹೋದ. ಸಂಜೆ ಬಾರ್ಬರಾ ಬಂದಳು. "ನಾಳೆಯಿಂದ ನೀನು ಗಿಫ್ಟ್ ಶಾಪ್."

ಆರು ವಾರ ಲ್ಯಾವೆಂಡರ್ ಸೋಪು, ಜೇನುಮೇಣದ ಬತ್ತಿ ಮಾರಿದೆ. "ಖರೇ ಹೇಳಿದ್ದಕ್ಕ ಸಾಬಾಣ ಮಾರಾಕ ಹಚ್ಯಾರ," ಎಂದ ಬಸವರಾಜ. ಆಮೇಲೆ ನಗು ನಿಲ್ಲಿಸಿ, "ತಗದ ಹಾಕಿದ್ರ ಹಾಕಲಿ. ನೀ ಮಾಡಿದ್ದು ಕರೆಕ್ಟ್ ಐತಿ," ಎಂದ. ಆ ಮಾತು ಸಾಕಾಯಿತು.

ಏಳನೇ ವಾರ ಕಾರ್ಲ್ ಅಂಗಡಿಗೆ ಬಂದ. ಒಂದು ಸೋಪು ಎತ್ತಿ ಮೂಸಿ ಇಟ್ಟ. ನನ್ನ ಮುಖ ನೋಡದೆ ಮಾತಾಡಿದ.

"ನಾನು ಚಿಕ್ಕವನಿದ್ದಾಗ, ಮುರಿದ ಕುರ್ಚಿ, ಹಳೇ ಟ್ರಂಕು, ಬೇಡದ್ದು ಏನಿದ್ದರೂ ಅಮ್ಮ ಒಂದೇ ಮಾತು ಹೇಳುತ್ತಿದ್ದಳು. 'ಪುಟ್ ಇಟ್ ಅಪ್ ಇನ್ ಬೆಟ್ಸ್.' ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಬೆಟ್ಸ್ ಅಂದರೆ ಅಟ್ಟಕ್ಕೆ ಡಚ್ ಪದ ಅಂತ ನಾವೆಲ್ಲ ತಿಳಿದಿದ್ದೆವು."

ನಾನು ಸೋಪು ಕಟ್ಟುವುದನ್ನು ನಿಲ್ಲಿಸಿದೆ.

"ಮೊನ್ನೆ ಡಿಕ್ಷನರಿ ನೋಡಿದೆ. ಅಂಥ ಪದ ಇಲ್ಲ." ಸೋಪುಗಳನ್ನು ಸಾಲಾಗಿ ಜೋಡಿಸಿದ. "ಬೆಟ್ಸ್ ಅಂದರೆ ಬೆಟ್‌ಳದು, ಅವಳ ಕೋಣೆ ಅಂತ ನಾವೇ ಹೇಳುತ್ತಾ ಬಂದೆವು, ತಲೆಮಾರು ತಲೆಮಾರು. ಹೇಳುತ್ತಿದ್ದೇವೆ ಅಂತ ಗೊತ್ತಿರಲಿಲ್ಲ. ಆ ಕ್ರಿಸ್‌ಮಸ್ ಕಸವನ್ನು ಅಲ್ಲಿಂದ ಇಳಿಸಿ."

ಅದೇ ಮಧ್ಯಾಹ್ನ ಇಳಿಸಿದೆವು. ಬಾರ್ಬರಾ ಮೇಲಿಂದ ಕೊಟ್ಟಳು, ನಾನು ಮೆಟ್ಟಿಲಲ್ಲಿ ಹಿಡಿದೆ, ಕಾರ್ಲ್ ಸಾಂತಾನನ್ನು ಕಂಕುಳಲ್ಲಿ ಇರುಕಿಕೊಂಡು, ಬೇರೆಯವರಿಗೆ ಕೊಡದೆ, ತಾನೇ ಶೆಡ್ಡಿಗೆ ಒಯ್ದ. ಮಂಚದ ಬಳಿಯ ಫಲಕ ಬದಲಾಯಿತು. ಚಾವಣಿ ಸೋರಲಿಲ್ಲ.

ಬಾರ್ಬರಾ ಬದಲಾದಳು, ಬದಲಾದ ರಭಸದಲ್ಲಿ ಸ್ವಲ್ಪ ಮುಂದೆಯೂ ಹೋದಳು. "ಬೆಟ್ ನ್ಯೂಯಾರ್ಕ್ ಸೇರಿದಳು, ಯುದ್ಧ ಮುಗಿದಾಗ ಹಡಗು ಹತ್ತಿ ಉತ್ತರಕ್ಕೆ ಹೋಗಿ ಸುಖವಾಗಿದ್ದಳು ಅಂತ ಸೇರಿಸೋಣ. ಜನ ಸಮಾಧಾನದಿಂದ ಮನೆಗೆ ಹೋಗುತ್ತಾರೆ," ಎಂದಳು. ರಾಜನ ಸೈನ್ಯದ ಜೊತೆ ಹಾಗೆ ಹಡಗು ಹತ್ತಿದ ಕರಿಯರ ಪಟ್ಟಿ ನಿಜವಾಗಿಯೂ ಉಳಿದಿದೆ. ನಾನು ಅದನ್ನು ಸಾಲು ಸಾಲಾಗಿ ನೋಡಿದೆ. ಬೆಟ್ ಎಂಬ ಹೆಸರಿನವರು ಹಲವರು. ಅವರಲ್ಲಿ ನಮ್ಮ ಬೆಟ್ ಇವಳೇ ಎಂದು ಬೆರಳಿಡಲು ಆಧಾರ ಸಿಗಲಿಲ್ಲ. ಇನ್ನೊಮ್ಮೆ ಸಿಹಿ ಸುಳ್ಳು ಹುಟ್ಟಿಸುವುದಿಲ್ಲ ಎಂದು ಹೇಳಿದೆ. ಅವಳು ನನ್ನ ಜೊತೆ ವಾದ ಮಾಡುತ್ತ ಮೊದಲ ಸಲ ಕುರ್ಚಿಯ ಮೇಲೆ ಕೂತಳು. ಕೊನೆಗೆ "ಗೊತ್ತಿಲ್ಲ" ಎಂಬ ಪದವೇ ಸ್ಕ್ರಿಪ್ಟಿಗೆ ಸೇರಿತು. ಜನ ಗೊಣಗುತ್ತಿದ್ದರು. ಟಿಕೆಟ್ ಕೊಟ್ಟು ಬಂದವರಿಗೆ ಕೊನೆಯಿಲ್ಲದ ಕಥೆ ಹೇಳುವುದು ಕಷ್ಟ, ನಿಮಗೂ ಕಷ್ಟವಾಗುತ್ತದೆ. ಆದರೂ ಹೇಳಿ.

ನಾನು ಬಿಡುವ ಹಿಂದಿನ ವಸಂತದಲ್ಲಿ ಪ್ಲೇನ್ಸ್‌ಬರೋದ ನಾಲ್ಕನೇ ತರಗತಿಯ ಮಕ್ಕಳು ಬಂದಿದ್ದರು. ಅಟ್ಟದಲ್ಲಿ ಏನೂ ಇಟ್ಟಿರಲಿಲ್ಲ. ಹಲಗೆ ನೆಲ, ಒಂದು ಹುಲ್ಲಿನ ಹಾಸಿಗೆ, ಅಷ್ಟೇ. ಎರಡು ಜಡೆಯ ಒಬ್ಬಳು ಹುಡುಗಿ, ನಮ್ಮ ಕಡೆಯ ಮಗುವೇ, ಉಳಿದವರೆಲ್ಲ ಇಳಿದು ಹೋದ ಮೇಲೂ ಹಾಸಿಗೆಯ ಪಕ್ಕ ಮೊಣಕಾಲೂರಿ ಕೂತಿದ್ದಳು.

"ಆ ಪುಟ್ಟ ಹುಡುಗಿ ಮತ್ತೆ ಅವಳ ಅಮ್ಮ," ಎಂದಳು ಇಂಗ್ಲಿಷಿನಲ್ಲಿ. "ಅವರು ಎಲ್ಲಿಗೆ ಹೋದರು?"

"ಗೊತ್ತಿಲ್ಲ ಪುಟ್ಟಿ."

"ನಿಮಗೆ ಗೊತ್ತಿಲ್ವಾ, ಯಾರಿಗೂ ಗೊತ್ತಿಲ್ವಾ?"

"ಯಾರಿಗೂ ಗೊತ್ತಿಲ್ಲ. ತುಂಬಾ ಹುಡುಕಿದೆ. ಎಲ್ಲೂ ಬರೆದಿಲ್ಲ."

ಸಮಾಧಾನದ ಮಾತು ಏನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಅವಳೂ ಯೋಚಿಸುತ್ತಿದ್ದಳು. ಆಮೇಲೆ ಅವಳ ಮುಖ ತಿಳಿಯಾಯಿತು.

"ಹಾಗಾದರೆ ಅವರನ್ನು ಹುಡುಕುತ್ತಿದ್ದ ಆ ಮನುಷ್ಯನಿಗೂ ಗೊತ್ತಾಗಲಿಲ್ಲ," ಎಂದಳು. "ಗುಡ್."

ಎದ್ದು, ಮೊಣಕಾಲಿನ ಧೂಳು ಕೊಡವಿಕೊಂಡು, ಮೆಟ್ಟಿಲು ಇಳಿದು ಹೋದಳು.